ಹೆಸರಿಲ್ಲದ ಹಾಜರಿ

ಹಾಜರಿಗೆ ಹೆಸರು ಕರೆಯಬಾರದು, ನಂಬರು ಕರೆಯಬೇಕು ಎಂದು ನಮ್ಮ ಹೆಡ್ ಮಾಸ್ತರರು ಹುಕುಂ ಹೊರಡಿಸಿದ ದಿನವೇ ನಾನು ಅವರ ಜೊತೆ ಜಗಳ ತೆಗೆದಿದ್ದೆ. ಅದು ೧೯೮೩ರ ಮಾತು. ಹಿರೇಕೆರೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹತ್ತನೇ ಇಯತ್ತೆ ನನ್ನ ಪಾಲಿಗಿತ್ತು. ಪ್ರತಿ ಹುಡುಗಿಗೂ ಒಂದು ನಂಬರು, ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ.

"ನನ್ನ ಹುಡುಗ್ಯಾರೇನ್ ಜೇಲಿನ ಕೈದಿಗಳೇನ್ರಿ ಸರ್?" ಎಂದು ಕೇಳಿದ್ದೆ.

ಕುಬೇರಪ್ಪ ಮಾಸ್ತರರು ಕನ್ನಡಕ ಒರೆಸುತ್ತ, "ಶಿಸ್ತು ಅಂತ ಒಂದೈತಲ್ರಿ ಅಕ್ಕಾರ" ಎಂದಿದ್ದರು. ಶಿಸ್ತು ಅವರ ಹತ್ತಿರವೇ ಇರಲಿ ಎಂದು ನಾನು ಹೆಸರು ಹಿಡಿದೇ ಕರೆಯುತ್ತ ಬಂದೆ. ನನ್ನ ಹುಡುಗಿಯರಿಗೆ ತಮ್ಮ ನಂಬರು ಯಾವುದೆಂದೂ ಗೊತ್ತಿರಲಿಲ್ಲ. ಆದರೆ ಅವಸರದಲ್ಲಿ ನಾನೊಂದು ಹೆಸರು ಬಿಟ್ಟೆನೋ, ಮುಂದಿನ ಬೆಂಚಿನ ಮಾನಿಟರ್ ಮುಮ್ತಾಜಬೇಗಂ ಎದ್ದು ನಿಂತೇಬಿಡುತ್ತಿದ್ದಳು. "ಅಕ್ಕಾರ, ಇಕಿ ಹೆಸರ ಬಿಟ್ರಿ!" ನನ್ನ ತಪ್ಪು ಹಿಡಿಯುವುದೆಂದರೆ ಇಡೀ ಕ್ಲಾಸಿಗೆ ಹಬ್ಬ.

ಆ ವರ್ಷ ಶಿವಬಸವ್ವ ಎಂಬ ಹುಡುಗಿ ಹೊಸದಾಗಿ ಸೇರಿದ್ದಳು. ತಡಸದ ಕಡೆಯವಳು. ಅಪ್ಪ ಸಾಯುವ ಮೊದಲು ಅವಳನ್ನು ಹನ್ನೊಂದನೇ ವಯಸ್ಸಿಗೇ ಬಂಕಾಪುರದ ಮನೆಯೊಂದಕ್ಕೆ ಮದುವೆ ಮಾಡಿಕೊಟ್ಟಿದ್ದ. ದೊಡ್ಡವಳಾದ ಮೇಲೆ ಗಂಡನ ಮನೆಯವರು ಕರೆದೊಯ್ಯಲು ಬರುವ ಹೊತ್ತಿಗೆ, ಅವಳ ಅವ್ವ ಮಗಳನ್ನು ಹಿರೇಕೆರೂರಿನ ತಂಗಿಯ ಮನೆಗೆ ಸಾಗಿಸಿಬಿಟ್ಟಿದ್ದಳು. ಶಾಲೆಗೆ ಸೇರಿಸುವ ದಿನ ನನ್ನ ಕೈ ಹಿಡಿದುಕೊಂಡು, "ಪರೀಕ್ಷಾ ಮುಗಿಯೂ ತನಕ ಇಕಿ ಹೆಸರ ಹೊರಗ ಬೀಳಬಾರದ್ರಿ ಅಕ್ಕಾರ. ಒಯ್ದ್ರಂದ್ರ ಮುಗೀತು, ಪಾಟಿ ಚೀಲ ಒಲಿಗೆ ಹೋಗತೈತಿ" ಎಂದಿದ್ದಳು. ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಡ್ ಮಾಸ್ತರರಿಗೂ ಕೂಡ.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮುಂಜಾನೆ ಹಾಜರಿ ಪುಸ್ತಕ ಹಿಡಿದು ಕ್ಲಾಸಿಗೆ ಹೊರಟರೆ, ಪಡಸಾಲೆಯಲ್ಲಿ ಹೆಡ್ ಮಾಸ್ತರರ ಪಕ್ಕ ಬಿಳಿ ಪಟಗ ಸುತ್ತಿದ ಗಟ್ಟಿ ಆಳೊಬ್ಬ ನಿಂತಿದ್ದ. ಗೇಟಿನ ಹೊರಗೆ ಜೀಪಿತ್ತು.

"ಇವರು ಬಂಕಾಪುರದ ಮೈಲಾರಪ್ಪ ಅಂತ" ಎಂದರು ಮಾಸ್ತರರು. "ಇವ್ರ ತಮ್ಮನ ಹೆಂಡ್ತಿ ನಮ್ಮ ಸಾಲ್ಯಾಗ ಅದಾಳಂತ. ಶಿವಬಸವ್ವ ಅಂತ ಹೆಸರು."



"ಲಗ್ನದಾಗ ನೋಡಿದ್ದು, ತೆಲಿಮ್ಯಾಗ ಸೆರಗು, ಮಾರಿಗೆ ಬಾಸಿಂಗ" ಎಂದ ಮೈಲಾರಪ್ಪ. "ಈಗ ಮಾರಿ ಗುರ್ತ ಹತ್ತೂದಿಲ್ಲ. ಆ ಪುಸ್ತಕ ಒಂದೀಟು ಕೊಡ್ರಿ, ನೋಡ್ತೇನಿ."

"ತಂದಿ-ತಾಯಿಗೆ ಬಿಟ್ರ ಯಾರಿಗೂ ತೋರಸೂದಿಲ್ಲ" ಎಂದು ಪುಸ್ತಕವನ್ನು ಎದೆಗೆ ಅವಚಿಕೊಂಡೆ.

ಅವನು ದನಿ ಏರಿಸಿದ. "ಲಗ್ನಾದ ಮ್ಯಾಲ ತಂದಿ-ತಾಯಿ ಎಲ್ಲೀದು? ನಾವ ಅಕೀಗೆ ದೊಡ್ಡವ್ರು!"

ಮಾಸ್ತರರು ಪಾಪದ ಮನುಷ್ಯ, ಯಾರನ್ನೂ ಎದುರು ಹಾಕಿಕೊಳ್ಳುವವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ದಾರಿ ಹುಡುಕಿದರು. "ದಾಖಲೆ ಕೈಗೆ ಕೊಡಾಕ ಬರಂಗಿಲ್ರಿ ಗೌಡ್ರ. ಬಾಗಲದಾಗ ನಿಂತು ಹಾಜರಿ ಕೇಳ್ಕೋರಿ, ಅದಕ್ಕೇನ್ ಅಡ್ಡಿ?"

ಬರೆದದ್ದನ್ನು ಮುಚ್ಚಿಟ್ಟು ಅದನ್ನೇ ಕೂಗಿ ಹೇಳುವ ಈ ಜಾಣತನ ಕಂಡು ಮೈ ಉರಿಯಿತು. ಆದರೆ ಮೈಲಾರಪ್ಪ ಆಗಲೇ ಕ್ಲಾಸಿನ ಬಾಗಿಲಲ್ಲಿ ನಿಂತಾಗಿತ್ತು, ಅವನ ಹಿಂದೆ ಮಾಸ್ತರರೂ.

ಪುಸ್ತಕ ಬಿಚ್ಚಿದೆ. ಮೂರನೇ ಬೆಂಚಿನ ತುದಿಯಲ್ಲಿ ಶಿವಬಸವ್ವ ತಲೆ ತಗ್ಗಿಸಿ ಕೂತಿದ್ದಳು. ಅವಳ ಹೆಸರು ಕರೆದರೆ ಜೀಪು ಕಾದಿದೆ. ಬಿಟ್ಟರೆ ಮುಮ್ತಾಜ ಬಿಡುವವಳಲ್ಲ.

"ಒಂದು" ಎಂದೆ.

ಯಾರೂ ಮಿಸುಕಲಿಲ್ಲ. ಹುಡುಗಿಯರು ಪಿಳಿಪಿಳಿ ನೋಡಿದರು. ವರ್ಷವಿಡೀ ನಾನೇ ಕಲಿಸದ ಪಾಠವನ್ನು ಈಗ ಒಪ್ಪಿಸಿ ಎಂದರೆ ಎಲ್ಲಿಂದ ಒಪ್ಪಿಸಬೇಕು? ಮುಮ್ತಾಜ ಎದ್ದು ನಿಂತಳು. ಬಾಯಿ ತೆರೆದಳು. ಮುಗಿಯಿತು ಅಂದುಕೊಂಡೆ. ಅವಳು ಬಾಗಿಲಲ್ಲಿದ್ದ ಪಟಗ ನೋಡಿದಳು, ನನ್ನ ಮುಖ ನೋಡಿದಳು; ಪಡಸಾಲೆಯಲ್ಲಿ ಏರಿದ ದನಿ ಅವಳ ಕಿವಿಗೂ ಬಿದ್ದಿರಬೇಕು.

"ಹಾಜರ್ ರೀ" ಎಂದು ಕೂತಳು.

"ಎರಡು" ಎಂದೆ. ಅವಳ ಪಕ್ಕದವಳು ಎದ್ದಳು. ಆಮೇಲೆ ಅವಳ ಪಕ್ಕದವಳು. ಬೆಂಚು ಹಿಡಿದು ಸಾಲಾಗಿ, ತಮ್ಮದಲ್ಲದ ನಂಬರಿಗೆಲ್ಲ ಹಾಜರ್ ಎನ್ನುತ್ತ ಬಂದರು. ಶಿವಬಸವ್ವನೂ ಎದ್ದು, ಹಾಜರ್ ಎಂದು, ಕೂತಳು.

"ಏನಿದು? ಹೆಸರ ಕರೀರಿ!" ಮೈಲಾರಪ್ಪ ಗದರಿದ.

"ಹೆಡ್ ಮಾಸ್ತರರ ಹುಕುಂ ಐತ್ರಿ, ನಂಬರ ಕರೀಬೇಕಂತ. ಅವ್ರನ್ನ ಕೇಳ್ರಿ" ಎಂದೆ.

ಇಡೀ ವರ್ಷ ಇದಕ್ಕಾಗಿ ನನ್ನ ಜೊತೆ ಗುದ್ದಾಡಿದ ಮಾಸ್ತರರು ನನ್ನನ್ನೇ ನೋಡಿದರು. ಅವರಿಗೆ ಅರ್ಥವಾಯಿತು ಎಂದು ಈಗಲೂ ನಂಬಿದ್ದೇನೆ. "ಹೌದ್ರಿ, ಹುಕುಂ ನಂದ" ಎಂದರು.

ಮೈಲಾರಪ್ಪನ ಕತ್ತಿನ ನರ ಉಬ್ಬಿತು. ಹೊಸ್ತಿಲೊಳಗೆ ಕಾಲಿಟ್ಟು, ಹೊಲದಲ್ಲಿ ಆಳು ಕರೆದಂತೆ ಕೂಗಿದ. "ಏ ಶಿವಬಸವ್ವಾ!"

ಒಬ್ಬಳೂ ಕತ್ತು ಹೊರಳಿಸಲಿಲ್ಲ. ಶಿವಬಸವ್ವನ ಬೆರಳು ಬೆಂಚಿನ ಅಂಚನ್ನು ಹಿಡಿದದ್ದು ನನಗೆ ಮಾತ್ರ ಕಂಡಿತು. ಮುಮ್ತಾಜ ಮತ್ತೆ ಎದ್ದಳು.

"ನಂಬರ ಹೇಳ್ರಿ ಕಾಕಾ. ನಮ್ಮ ಸಾಲ್ಯಾಗ ಹೆಸರ ಹಿಡದು ಯಾರನ್ನೂ ಕರಿಯೂದಿಲ್ಲ."

ಅವನಿಗೆ ನಂಬರು ಎಲ್ಲಿ ಗೊತ್ತು? ಹಲ್ಲು ಕಡಿಯುತ್ತ ಹೋದ. ಜೀಪು ಮೂಲೆ ತಿರುಗಿದ ಸದ್ದು ಕೇಳುವ ತನಕ ನಾನು ಕುರ್ಚಿಯಲ್ಲಿ ಕೂರಲಿಲ್ಲ.

ಅವತ್ತೇ ಎಲ್ಲರಿಗೂ ಅವರವರ ನಂಬರು ಬಾಯಿಪಾಠ ಮಾಡಿಸಿದೆ. ಮರುದಿನ ನಂಬರನ್ನೇ ಕರೆಯುತ್ತ ಹೋದೆ. ಹದಿನೇಳು ಎಂದೆ. ಶಿವಬಸವ್ವ ಎದ್ದು ನಿಂತಳು.

"ಅಕ್ಕಾರ, ನನ್ನ ಹೆಸರ ಕರೀರಿ."

"ಬ್ಯಾಡ ತಂಗಿ. ಹೊರಗ ಯಾರರ ಇದ್ದಾರು."

"ನಿನ್ನಿ ಅಂವಾ ಕರದಾಗ ಸತ್ತವರಂಗ ಕುಂತೆ. ರಾತ್ರಿಯೆಲ್ಲಾ ನಿದ್ದಿ ಬರ್ಲಿಲ್ರಿ" ಎಂದಳು. "ನೀವು ಕರದ್ರ ಓ ಅಂತೇನಿ."

ನಾನು ಎದ್ದು ಹೋಗಿ ಬಾಗಿಲು ಮುಚ್ಚಿ ಅಗುಳಿ ಹಾಕಿದೆ. ಕಿಟಕಿಯ ಹತ್ತಿರ ಮುಮ್ತಾಜ ತಾನಾಗಿ ಹೋಗಿ ನಿಂತಳು. ನನಗೆ ಅಳು ಬಂದಿತ್ತು, ಮುಚ್ಚಿಕೊಳ್ಳಲಿಲ್ಲ.

"ಶಿವಬಸವ್ವ" ಎಂದು ಮೆಲ್ಲಗೆ ಕರೆದೆ.

"ಹಾಜರ್ ರೀ" ಎಂದಳು ಅವಳು, ಮುಚ್ಚಿದ ಬಾಗಿಲಿನಾಚೆಗೂ ಕೇಳುವಷ್ಟು ಗಟ್ಟಿಯಾಗಿ.