ಏಳನೇ ಅಂಗಡಿಯ ನೋಟಿಸ್

ತಲೆಯ ಮೇಲೆ ಫ್ಯಾನ್ ಗಿರಗಿರ ತಿರುಗುತ್ತಿದ್ದರೂ ಜವಾನನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೆದ್ದಾರಿ ಪಕ್ಕದ ವಾಣಿಜ್ಯ ಸಂಕೀರ್ಣದ ಕಡತ ನಗರಸಭೆ ಸದಸ್ಯರ ಸಭೆಯ ಮೇಜಿಗೆ ಬಂದೇಬಿಟ್ಟಿತ್ತು. ಇಷ್ಟು ಬೇಗ ಬರುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಇಪ್ಪತ್ತೆರಡು ವರ್ಷ ಅಲ್ಲಿ ಟೀ ಲೋಟ ಹೊತ್ತವನಿಗೆ ಗೊತ್ತು, ಆ ಕಟ್ಟಡದ ಕಡತಗಳು ಆಮೆಯನ್ನೇ ನಿಲ್ಲಿಸಿ ‘ಏನು ಅಷ್ಟು ಅವಸರ’ ಎಂದು ಕೇಳುವಂಥವು. ಆದರೆ ದೊಡ್ಡವರ ಕಡತಕ್ಕೆ ಕಾಲು ಜಾಸ್ತಿ. ಇದು ತಿಂಗಳೊಳಗೆ ಓಡಿ ಬಂದಿತ್ತು.

ಸಂಕೀರ್ಣಕ್ಕೆ ದಾರಿ ಬಿಡಲು ನಗರಸಭೆಯ ಜಾಗದಲ್ಲಿದ್ದ ಏಳು ಅಂಗಡಿ ಕೆಡವಬೇಕು. ಏಳೂ ಜನರಿಗೆ ನೋಟಿಸ್ ಮುಟ್ಟಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಬರುವ ಕೆಲಸ ಜವಾನನದು. ಆರು ಕೊಟ್ಟ. ಏಳನೆಯದು ಅವನ ಅಣ್ಣನ ಟೈರ್ ಅಂಗಡಿ. ಅಣ್ಣ ಎದೆನೋವಿನಿಂದ ಆಸ್ಪತ್ರೆ ಸೇರಿ ಆಗಷ್ಟೇ ಮನೆಗೆ ಬಂದಿದ್ದ. ಯಾವ ಕೆಟ್ಟ ಸುದ್ದಿಯೂ ಇವರ ಕಿವಿಗೆ ಬೀಳಬಾರದಂತೆ ಎಂದು ಅತ್ತಿಗೆ ಬಾಗಿಲಲ್ಲೇ ತಡೆದು ಹೇಳಿದಳು. ಅಪ್ಪ ತೀರಿಕೊಂಡ ಮೇಲೆ ಟೈರ್ ಬಿಚ್ಚಿ ಬಿಚ್ಚಿ ತಮ್ಮನನ್ನು ಓದಿಸಿದವನು, ಈ ಕೆಲಸದ ಅರ್ಜಿಯನ್ನೂ ತಾನೇ ತುಂಬಿದವನು ಆ ಅಣ್ಣ. ಅಂಥವನ ಕೈಗೆ ಆ ಕಾಗದ ಕೊಡಲು ಇವನಿಗೆ ಧೈರ್ಯ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಅಣ್ಣನ ಸಹಿಯನ್ನು ತಾನೇ ಹಾಕಿದ. ನಾಳೆ ಅಂದವನ ಮನೆ ಹಾಳು ಅಂತಾರೆ. ಇಲ್ಲಿ ನಾಳೆ ಅಂದವನೊಬ್ಬ, ಹಾಳಾಗುವ ಮನೆ ಇನ್ನೊಬ್ಬನದು.

ಸಭೆಯಲ್ಲಿ ಎಂಜಿನಿಯರ್ ಕಡತ ಓದತೊಡಗಿದರು. ಗಡುವಿನೊಳಗೆ ಆಕ್ಷೇಪಣೆ ಕೊಟ್ಟ ಆರು ಜನರಿಗೆ ಸಂಕೀರ್ಣದ ಹಿಂದೆ ಬದಲಿ ಮಳಿಗೆ ಸಿಗುತ್ತದೆ. ಏಳನೆಯವರು ಏನೂ ಹೇಳಿಲ್ಲವಾದ್ದರಿಂದ ಒಪ್ಪಿದಂತೆಯೇ ಲೆಕ್ಕ, ಅವರಿಗೆ ಏನೂ ಇಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದರು. ಅನ್ನದ ದಾರಿಯೇ ಹೋಗುತ್ತಿರುವಾಗ ಒಬ್ಬ ಮನುಷ್ಯ ಬಾಯಿಬಿಡದೆ ಕೂರುತ್ತಾನೆಯೇ, ಇದರಲ್ಲಿ ಏನೋ ಐಬಿದೆ ಎಂದರು. ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋದಂತೆ ಜವಾನನ ಕೈ ತಾನಾಗಿ ಸಹಿ ಪುಸ್ತಕದ ಮೇಲೆ ಹೋಯಿತು. ಅವರು ಅವನತ್ತಲೇ ತಿರುಗಿದರು.

“ಏಳನೇ ಅಂಗಡಿಯವರ ಕೈಗೇ ನೋಟಿಸ್ ಕೊಟ್ಟಿದ್ದೀಯೇನಪ್ಪಾ?”

ಜವಾನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಲ್ಲ ಎಂದರೆ ಸಾಕು, ಕಡತ ನಿಲ್ಲುತ್ತದೆ, ಅಣ್ಣನಿಗೂ ಮಳಿಗೆ ಸಿಗುತ್ತದೆ. ಇಲ್ಲ ಎಂದರೆ ಕಳ್ಳ ಸಹಿಯೂ ಹೊರಬೀಳುತ್ತದೆ, ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ. ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವನಿಗೆ ಭಯವಾಯಿತು.

“ಕೊಟ್ಟಿದ್ದೀನಿ ಮೇಡಂ,” ಎಂದ.

ಒಪ್ಪಿಗೆಗೆ ಸದಸ್ಯರ ಕೈಗಳು ಎದ್ದವು. ಎರಡೇ ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಸದಸ್ಯರೊಬ್ಬರು ಟೀ ಎಲ್ಲಪ್ಪಾ ಎಂದು ಕೇಳಿದರು. ಅವನು ಟೀ ಕೊಟ್ಟೇ ಹೊರಟ.

ನೇರ ಅಂಗಡಿಗೆ ಹೋದ. ಲಾರಿಗಳ ಅಬ್ಬರದ ಪಕ್ಕದಲ್ಲಿ ಅಣ್ಣ ಕುಕ್ಕರುಗಾಲಲ್ಲಿ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದ. ಅವನು ಕೆಲಸಕ್ಕೆ ಮರಳಿ ಇನ್ನೂ ವಾರವೂ ಆಗಿರಲಿಲ್ಲ, ಮುಖದಲ್ಲಿ ಕಳೆ ಬಂದಿತ್ತು. ಹೇಗೆ ಶುರುಮಾಡುವುದೋ, ಕೇಳಿದರೆ ಅಣ್ಣನ ಎದೆ ತಡೆಯುತ್ತದೋ ಇಲ್ಲವೋ ಎಂದು ತಮ್ಮ ತಡವರಿಸುತ್ತಿರುವಾಗ ಅಣ್ಣನೇ ಮಾತು ತೆಗೆದ.

“ಬಾರೋ ಸಾಹೇಬ. ಆರು ಅಂಗಡಿಗೂ ನೋಟಿಸ್ ಬಂತಂತೆ, ನಮ್ದಕ್ಕೆ ಮಾತ್ರ ಇಲ್ವಂತೆ. ಪಕ್ಕದವ್ನು ಮನೆಗೇ ಬಂದು, ನೀನೂ ಒಂದು ಅರ್ಜಿ ಬಿಸಾಕು ಅಂತ ಪ್ರಾಣ ತಿಂದ. ನಾನು ಕೊಡ್ಲೇ ಇಲ್ಲ. ಒಳಗೆ ನನ್ ತಮ್ಮ ಇದಾನೆ, ಅವ್ನೇ ತಪ್ಪಿಸಿದಾನೆ ಬಿಡು ಅಂದೆ. ಆಮೇಲೆ ನೋಡು, ನಿದ್ದೆನೂ ಬಂತು, ನೋವೂ ಹೋಯ್ತು.”

 ತಮ್ಮ ಆದರೂ ಹೇಳಿದ.

“ಅಣ್ಣಾ, ನಿಂಗೂ ನೋಟಿಸ್ ಬಂದಿತ್ತು. ಸಹಿ ನಾನೇ ಹಾಕ್ದೆ.”

ಗೇಲಿ ಮಾಡುವುದನ್ನು ಇವನು ತನ್ನಿಂದಲೇ ಕಲಿತಿದ್ದಾನೆಂದು ಅಣ್ಣ ಜೋರಾಗಿ ನಕ್ಕ. ಟ್ಯೂಬಿನ ಮೇಲೆ ಬಗ್ಗಿದ್ದವನು ತಮ್ಮನ ಮುಖವನ್ನು ಇನ್ನೂ ನೋಡಿರಲಿಲ್ಲ.