ಮೂರನೆಯ ಕೂಗು

ಹುಲ್ಲಿಗೆ ಬೆಂಕಿ ಇಡುವ ಮೊದಲು ಲಕ್ಕವ್ವ ಮೂರು ಸಲ ಕೂಗಬೇಕು. ಅವಳ ಕೂಗು ಮುಗಿಯದೆ ಯಾರೂ ಕಡ್ಡಿ ಗೀರುವಂತಿಲ್ಲ. ಬೇಸಿಗೆಯ ಕಿಚ್ಚು ಗುಡ್ಡ ಏರದಿರಲೆಂದು, ಶಿವರಾತ್ರಿಗೆ ಮೊದಲೇ ಮಮದಾಪುರದ ಗುಡ್ಡದಂಚಿನ ಒಣ ಕರಡದ ಹುಲ್ಲನ್ನು ಸುಟ್ಟು ಬೋಳು ಮಾಡುವ ಗ್ಯಾಂಗು ಅದು. ಎಂಟು ಜನ, ಸಲಿಕೆ, ಹಸಿ ಟೊಂಗೆ, ಬೆನ್ನಿಗೆ ನೀರಿನ ಪಂಪು. ಕೂಗುವ ಕೆಲಸ ಹನ್ನೊಂದು ವರ್ಷದಿಂದ ಲಕ್ಕವ್ವನದು. ಗಂಟಲೇ ಅಂಥದು, ಅವಳು ಇಲ್ಲಿ ಸೀನಿದರೆ ಆಚೆ ಊರು ಕಲ್ಲೋಳಿಯಲ್ಲಿ ದನ ಬೆದರುತ್ತವೆ ಎಂದು ಗ್ಯಾಂಗಿನವರು ನಗುತ್ತಾರೆ.

ಹೋದ ವರ್ಷ ಅವಳು ಎರಡೇ ಸಲ ಕೂಗಿದ್ದಳು. ಗಾಳಿ ತಿರುಗುವುದರಲ್ಲಿತ್ತು, ಗ್ಯಾಂಗಿನ ಮುಕಾದಮ ಕಾಶಿನಾಥ ಅವಸರ ಮಾಡುತ್ತಿದ್ದ. "ಯಾರೂ ಇಲ್ಲ, ಹಚ್ಚರಿ" ಅಂದುಬಿಟ್ಟಳು. ಯಾರೂ ಎಣಿಸಿರಲಿಲ್ಲ. ಸಂಜೆ ಬೂದಿಯಲ್ಲಿ ಸಿಕ್ಕವಳು ಊರಿನ ಅಲ್ಲವ್ವ, ಹುಲ್ಲು ಕೊಯ್ಯಲು ಬಂದಿದ್ದವಳು. ಎದೆ ಒಡೆದು ಮೊದಲೇ ಸತ್ತಿರಬೇಕು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ಲಕ್ಕವ್ವ ಮಾತ್ರ ಮಾಡಿಕೊಳ್ಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದಿನಿಂದ ಅವಳಿಗೆ ತಿಂದ ರೊಟ್ಟಿ ಮೈಗೆ ಹತ್ತಿಲ್ಲ. ಆದರೂ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಈ ಸಲ ಬೆಳಿಗ್ಗೆ ಏಳರಿಂದ ಅಂಚಿನ ಹುಲ್ಲು ಕೆರೆದರು. ಹತ್ತಾಗುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ. ಲಕ್ಕವ್ವ ಸೆರಗು ಬಿಗಿದು ಕರಡದ ಕಡೆ ಮುಖ ಮಾಡಿ ನಿಂತಳು.

"ಒಳಗ ಯಾರದೀರಿ? ಹೊರಗ ಬರ್ರೀ!"

ಸದ್ದಿಲ್ಲ. ಎರಡನೆಯ ಸಲ ಕೂಗಿದಳು.

"ಓ..." ಎಂದಿತು ಒಳಗಿನಿಂದ ಒಂದು ಹೆಣ್ಣು ದನಿ.

ಲಕ್ಕವ್ವ ಹಿಂದಕ್ಕೆ ತಿರುಗಿದಳು. "ತಮ್ಮಾ ಕಾಶಿನಾಥ, ಒಳಗ ಯಾರೋ ಓ ಅಂದ್ರು."

"ನಮಗ್ಯಾರಿಗೂ ಕೇಳಿಲ್ಲಲ್ಲ ಯಕ್ಕಾ. ಹನ್ನೊಂದಕ್ಕ ಗಾಳಿ ತಿರಗತೈತಿ."

"ತಿರಗಲಿ. ನಾ ನೋಡಿ ಬರತೇನಿ. ನಾ ಹೊರಗ ಬಂದು ಕೂಗೂತನಕ ಕಡ್ಡಿ ಗೀರಬ್ಯಾಡ."

"ಆತ್ ಹೋಗವಾ. ನಿನ್ನ ಕೂಗು ಕೇಳಿದ ಮ್ಯಾಲನ ಹಚ್ಚತೇನಿ."

ಕಾಶಿನಾಥನಿಗೆ ಅವಸರ ಎಷ್ಟೇ ಇರಲಿ, ಕೊಟ್ಟ ಮಾತಿಗೆ ತಪ್ಪುವವನಲ್ಲ. ಅವಳು ಒಳಹೊಕ್ಕಳು.

ಕರಡ ತಲೆಗಿಂತ ಎತ್ತರ ಬೆಳೆದಿತ್ತು. ನಾಲ್ಕು ಹೆಜ್ಜೆಗೆ ಗ್ಯಾಂಗು ಕಾಣದಾಯಿತು. ಒಂದು ಹಕ್ಕಿಯೂ ಉಲಿಯಲಿಲ್ಲ. ನಡುವೆ ಒಂದು ಕಡೆ ಹುಲ್ಲು ಕೊಯ್ದು ಹೊರೆ ಕಟ್ಟಿ ಇಟ್ಟಿತ್ತು. ಹುಲ್ಲು ಹೊಸದು, ಹೊರೆಗೆ ಸುತ್ತಿದ ಸೀರೆಯ ತುಂಡು ಮಾತ್ರ ಸುಟ್ಟು ಕರಕಾಗಿತ್ತು. ಪಕ್ಕದಲ್ಲಿ ಕುಡಗೋಲು. ಮುಟ್ಟಿದಳು. ಬಿಸಿಯಾಗಿತ್ತು.

"ಅಲ್ಲವ್ವಾ," ಎಂದಳು, ಮೊಣಕಾಲೂರಿ. "ತಪ್ಪಾತವಾ ನಂದು. ನಾ ಎರಡ ಸಲ ಕೂಗಿದ್ನಿ." ವರ್ಷದಿಂದ ಒಳಗೇ ಇದ್ದ ಮಾತು ಹೊರಬಿತ್ತು. ಬಿಕ್ಕಿ ಬಿಕ್ಕಿ ಅತ್ತಳು.

ಉತ್ತರ ಬಂದದ್ದು ಹೊರಗಿನಿಂದ, ಗ್ಯಾಂಗು ನಿಂತ ಕಡೆಯಿಂದ.

"ಒಳಗ ಯಾರದೀರಿ? ಹೊರಗ ಬರ್ರೀ!"

ಅದು ಲಕ್ಕವ್ವನದೇ ದನಿ. ಕಲ್ಲೋಳಿಯ ದನ ಬೆದರಿಸುವ ಅದೇ ಗಂಟಲು.

ಅವಳು ದಿಕ್ಕೆಟ್ಟು ಓಡಿದಳು. "ಓ! ತಮ್ಮಾ, ನಾ ಇಲ್ಲೆ ಅದೇನಿ!" ಎಂದು ಕಿರುಚಿದಳು. ಗಂಟಲಿನಿಂದ ಹೊರಟದ್ದು ತೆಳ್ಳಗಿನ ದನಿ, ಹತ್ತು ಮಾರು ದಾಟದಂಥದು. ಕರಡ ಕಾಲಿಗೆ ತೊಡರುತ್ತಿತ್ತು.

"ಒಳಗ ಯಾರದೀರಿ? ಹೊರಗ ಬರ್ರೀ!"

ಎರಡಾಯಿತು. ಇನ್ನೂ ಒಂದಿದೆ ಎಂದುಕೊಂಡಳು ಲಕ್ಕವ್ವ. ಮೂರನೆಯದು ಮುಗಿಯುವುದರೊಳಗೆ ಅಂಚು ಮುಟ್ಟಿದರಾಯಿತು. ಏದುಸಿರು ಬಿಡುತ್ತ ಅದಕ್ಕಾಗಿ ಕಿವಿಗೊಟ್ಟು ಓಡಿದಳು.

ಹೊರಗೆ ಅವಳ ದನಿ ಅವಸರದಲ್ಲಿ ಹೇಳಿತು: "ಯಾರೂ ಇಲ್ಲ, ಹಚ್ಚರಿ."

"ಆತ್ ಯಕ್ಕಾ," ಎಂದ ಕಾಶಿನಾಥ. ಕೊಟ್ಟ ಮಾತಿನಂತೆ ಕಡ್ಡಿ ಗೀರಿದ.