ಗುಬ್ಬಿಯಂಥ ಹುಡುಗಿ ಪುಸ್ತಕದಲ್ಲಿ ಸಿಕ್ಕಳು

"ನಾನಿನ್ನು ಶಾಲೆಗೆ ಹೋಗಲ್ಲ."

ಗುಬ್ಬಿ ಹಾಗೆಂದಾಗ ಅವಳ ಅಮ್ಮ ಯಾರದೋ ಕೋಟಿಗೆ ತೋಳು ಜೋಡಿಸುತ್ತಿದ್ದಳು. ಹೊಲಿಗೆ ಯಂತ್ರದ ಸದ್ದು ಗಕ್ಕನೆ ನಿಂತಿತು.

ಹದಿನಾಲ್ಕರ ಗುಬ್ಬಿಗೆ ಎರಡೂ ಕಿವಿ ಮಂದ. ಶ್ರವಣ ಸಾಧನ ಹಾಕಿಕೊಂಡರೆ ಚೆನ್ನಾಗಿಯೇ ಕೇಳಿಸುತ್ತದೆ. ಮನೆಯಲ್ಲಿ ಅವಳ ಬಾಯಿಗೆ ಬಿಡುವೇ ಇಲ್ಲ. ಅದಕ್ಕೇ ಅಜ್ಜಿ ಇಟ್ಟ ಹೆಸರು ಗುಬ್ಬಿ. ಆದರೆ ಹೊಸ ಶಾಲೆಗೆ ಸೇರಿದ ಮೇಲೆ, ತರಗತಿಗೆ ಕಾಲಿಡುವ ಮೊದಲೇ ಆ ಸಾಧನವನ್ನು ತೆಗೆದು ಚೀಲಕ್ಕೆ ಹಾಕಿಬಿಡುತ್ತಾಳೆ ಎಂದು ಮೇಷ್ಟ್ರು ಹೇಳಿದ್ದರು. ಪಾಠ ಅರ್ಧಂಬರ್ಧ. ಕೇಳಿದ್ದೊಂದು, ಉತ್ತರ ಇನ್ನೊಂದು.

"ಟೋಪಿ ಹೊಲಿದುಕೊಟ್ಟಿದ್ದೀನಲ್ಲೇ? ಕಿವಿ ಮಷೀನು ಯಾರಿಗೂ ಕಾಣೋದೇ ಇಲ್ಲ. ಮತ್ಯಾಕೆ ತೆಗೀತೀಯ?"

"ಸುಮ್ನೆ."

ಆ ಟೋಪಿಯ ಬಗ್ಗೆ ಅಮ್ಮನಿಗೆ ಒಳಗೊಳಗೇ ಹೆಮ್ಮೆ. ಯಾರೂ ಮಗಳನ್ನು ದಿಟ್ಟಿಸಬಾರದು ಎಂದು ಕಿವಿಯ ಮೇಲೆ ಬಿಗಿಯಾಗಿ ಕೂರುವ ಹಾಗೆ, ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು, ಬೇರೆ ಬೇರೆ ಬಣ್ಣದಲ್ಲಿ ಹೊಲಿದಿದ್ದಳು. ಇಷ್ಟು ಮಾಡಿದರೂ ಹುಡುಗಿಗೆ ಏನು ಕೊರತೆ ಎಂದು ಅವಳಿಗೆ ಬಗೆಹರಿಯಲಿಲ್ಲ.

ಸಂಜೆ ಕೋಟಿನವಳೇ ಬಂದಳು. ಬೀದಿ ಕೊನೆಯ ವಾಚನಾಲಯ ನೋಡಿಕೊಳ್ಳುವವಳು; ಎಲ್ಲರಿಗೂ ಪುಸ್ತಕದಕ್ಕ. ತೋಳು ಚಾಚಿ ಅಳತೆಗೆ ನಿಂತವಳು ಚೀಲದಿಂದ ಒಂದು ಪುಸ್ತಕ ತೆಗೆದಳು. "ಇದು ಗುಬ್ಬಿಗೆ."

"ಕಥೆ ಪುಸ್ತಕಾನಾ? ಪಾಠದ ಪುಸ್ತಕ ಓದಿದ್ರೆ ಸಾಕಾಗಿದೆ, ಅಕ್ಕ. ಶಾಲೇನೇ ಬಿಡ್ತೀನಿ ಅಂತ ಕೂತಿದ್ದಾಳೆ."

"ಇದ್ರಲ್ಲಿರೋ ಹುಡುಗೀಗೂ ಕಿವಿ ಮಷೀನು ಇದೆ."

ಒಳಗಿಂದ ಗುಬ್ಬಿ ಇಣುಕಿದಳು. "ನಂಗ್ಬೇಡ. ಕಥೇಲಿ ನನ್ನಂಥೋರು ಬಂದ್ರೆ ಒಂದೋ ಅಳ್ತಾರೆ, ಇಲ್ಲಾ ಕೊನೇಲಿ ವಾಸಿಯಾಗ್ತಾರೆ. ನಾನು ಎರಡೂ ಮಾಡಲ್ಲ."

"ಇವಳೂ ಮಾಡಲ್ಲ. ಸೈಕಲ್ ಹೊಡೀತಾಳೆ, ಅಣ್ಣನ ಜೊತೆ ಜಗಳ ಆಡ್ತಾಳೆ, ಸುಳ್ಳು ಹೇಳಿ ಸಿಕ್ಕಿಬೀಳ್ತಾಳೆ."

"ಸರಿಹೋಯ್ತು," ಎಂದಳು ಅಮ್ಮ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು. "ಇವಳಿಗೆ ಅದೊಂದು ಕಲಿಸೋದು ಬಾಕಿ ಇತ್ತು!"

ಅಳತೆಯ ಟೇಪು ಕೊರಳಲ್ಲೇ ಇರುವಂತೆ ಅಮ್ಮ ಮೊದಲು ತಾನೇ ಕೆಲವು ಪುಟ ಓದಿ ನೋಡಿದಳು. ಹೆದರುವಂಥದ್ದೇನೂ ಇರಲಿಲ್ಲ. ಹುಡುಗಿ ಕಿಲಾಡಿ, ಅಷ್ಟೇ. ಪುಸ್ತಕ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಒಳಗಿಂದ ಕಿಸಕ್ಕೆಂದು ನಗು ಕೇಳಿಸಿತು.

"ಅದೇನು ಒಬ್ಬಳೇ ನಗ್ತಿದ್ದೀಯ? ನಂಗೂ ಓದಿ ಹೇಳೇ," ಎಂದರು ಅಜ್ಜಿ. "ಕೊನೇಲಿ ಆ ಹುಡುಗಿ ಕಿವಿ ಸರಿಹೋಗತ್ತಾ?"

"ಕೊನೆ ಪುಟ ಆಗ್ಲೇ ನೋಡ್ದೆ ಅಜ್ಜಿ. ಕಿವಿ ಹಾಗೇ ಇರತ್ತೆ. ಸೈಕಲ್ಲು ಸರಿಹೋಗತ್ತೆ!"

ಗುಬ್ಬಿ ಗಟ್ಟಿಯಾಗಿ ಓದತೊಡಗಿದಳು. ಕಥೆಯ ಹುಡುಗಿಗೆ ಅವಳ ಚಿಕ್ಕಮ್ಮ ಕಿವಿ ಮುಚ್ಚುವ ಉಣ್ಣೆಯ ಪಟ್ಟಿ ಹೆಣೆದುಕೊಡುತ್ತಾಳೆ. ಉಣ್ಣೆ ಒತ್ತಿದ ಕೂಡಲೇ ಮಷೀನು ಕುಂಯ್ ಎಂದು ಸೀಟಿ ಹೊಡೆಯುತ್ತದೆ. ತರಗತಿಯವರೆಲ್ಲ ತಿರುಗಿ ನೋಡಿ ನಗುತ್ತಾರೆ. ಚಿಕ್ಕಮ್ಮನಿಗೆ ಹೇಳೋಣವೆಂದರೆ, ಪಾಪ, ಅಷ್ಟು ಪ್ರೀತಿಯಿಂದ ಹೆಣೆದಿದ್ದಾಳೆ. ಅದಕ್ಕೇ ಹುಡುಗಿ ಮಷೀನನ್ನೇ ತೆಗೆದಿಡುತ್ತಾಳೆ...

ಓದುತ್ತಿದ್ದ ಗುಬ್ಬಿಯ ದನಿ ಸಣ್ಣದಾಯಿತು. ಆಮೇಲೆ ನಿಂತೇಹೋಯಿತು.

ಅಮ್ಮ ಕತ್ತರಿ ಕೆಳಗಿಟ್ಟಳು. "ಟೋಪಿ ಹಾಕ್ಕೊಂಡ್ರೆ ನಿಂದೂ ಹೀಗೇ ಕೂಗತ್ತೇನೇ?"

"ಹೂಂ."

"ಬಾಯಿ ಬಿಟ್ಟು ಹೇಳೋದಲ್ವಾ?"

"ನೀನು ಅಷ್ಟು ಚೆನ್ನಾಗಿ ಹೊಲಿದಿದ್ದೆ."

ಊರಿನವರಿಗೆಲ್ಲ ಅಳತೆ ನೋಡಿ ಹೊಲಿಯುವ ತಾನು ಮಗಳಿಗೆ ಮಾತ್ರ ಕೇಳದೆಯೇ ಹೊಲಿದುಬಿಟ್ಟೆನಲ್ಲ ಎಂದು ಅಮ್ಮನಿಗೆ ಅನಿಸಿತು. ಒಂದೊಂದಾಗಿ ಟೋಪಿಗಳನ್ನು ತಂದು ಕಿವಿಯ ಭಾಗವನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿದಳು.

"ಹೆತ್ತ ಮಗಳಿಗೇ ಟೋಪಿ ಹಾಕಿದ್ಯಲ್ಲೇ ನೀನು!" ಎಂದರು ಅಜ್ಜಿ. ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮನಿಗೂ ನಗದೆ ಇರಲಾಗಲಿಲ್ಲ.

"ಕಿವಿ ಬಿಟ್ಕೊಂಡೇ ಹೋಗ್ತೀಯಾ? ನೋಡ್ತಾರೆ," ಎಂದಳು ಅಮ್ಮ ಅಳುಕುತ್ತಲೇ.

"ನೋಡ್ಲಿ. ಈ ಪುಸ್ತಕಾನೂ ತಗೊಂಡು ಹೋಗ್ತೀನಿ."

ಮರುದಿನ ಕೋಟು ಕೊಡಲು ಹೋದಾಗ ಅಮ್ಮ ಕೇಳಿಯೇಬಿಟ್ಟಳು: "ಹೆತ್ತ ನನಗೇ ಗೊತ್ತಾಗ್ಲಿಲ್ಲ, ಬರೆದೋರಿಗೆ ಹೇಗಕ್ಕ ಗೊತ್ತಾಯ್ತು?"

"ಅವರೂ ಚಿಕ್ಕಂದಿನಿಂದ ಕಿವಿ ಮಷೀನು ಹಾಕ್ಕೊಂಡೋರೇ. ಅನುಭವಿಸಿದೋರೇ ಬರೆದ್ರೆ ಇಂಥ ಸಣ್ಣ ಸಣ್ಣ ವಿಷಯ ತಾನಾಗೇ ಬರತ್ತೆ. ಬೇರೆಯೋರು ಬರೀಬಾರದು ಅಂತಲ್ಲ. ಕೇಳಿ, ತಿಳ್ಕೊಂಡು ಬರೀಬೇಕು." ಪುಸ್ತಕದಕ್ಕ ಒಂದು ಕಪಾಟು ತೋರಿಸಿದಳು. ಅಲ್ಲಿನ ಪುಸ್ತಕಗಳಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ಊರು ಸುತ್ತುವ ಹುಡುಗ, ಮನೆಯಲ್ಲೊಂದು ಶಾಲೆಯಲ್ಲೊಂದು ಭಾಷೆ ಆಡುವ ಹುಡುಗಿ, ಕಸ ಆಯುವವರ ಮನೆಯ ಜಾಣೆ. ಎಲ್ಲರೂ ಗುಬ್ಬಿಯ ವಾರಿಗೆಯವರು.

"ಇವೆಲ್ಲ ಅಂಥ ಮಕ್ಕಳಿಗೆ ಮಾತ್ರನಾ?"

"ಅಯ್ಯೋ, ಪಕ್ಕದ ಬೆಂಚಿನೋರಿಗೆ ಇನ್ನೂ ಮುಖ್ಯವಾಗಿ ಬೇಕು."

ಅದೆಷ್ಟು ನಿಜ ಎಂದು ಸಂಜೆಯೇ ಗೊತ್ತಾಯಿತು. ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಗುಬ್ಬಿ ಬೀದಿಯ ತಿರುವಿನಿಂದಲೇ ಕೂಗುತ್ತಾ ಬಂದಳು. ಎರಡೂ ಕಿವಿಯಲ್ಲಿ ಮಷೀನು ಇದ್ದೇ ಇತ್ತು.

"ಅಮ್ಮಾ, ಪುಸ್ತಕ ನನ್ ಕೈಲಿಲ್ಲ! ಮೊದಲ ದಿನ ನನ್ ಮಷೀನು ಕೂಗಿದಾಗ ಒಬ್ಳು ನಕ್ಕಿದ್ಲು, ಅವಳೇ ಕಿತ್ಕೊಂಡು ಓದ್ತಿದ್ದಾಳೆ. 'ನಿಂದೂ ಸೀಟಿ ಹೊಡೆಯತ್ತಾ? ತೋರ್ಸು' ಅಂದ್ಲು. ಅಂಗೈಲಿ ಕಿವಿ ಮುಚ್ಚಿ ತೋರಿಸ್ದೆ. ಮೇಷ್ಟ್ರು ಯಾರು ಸೀಟಿ ಹೊಡೆದಿದ್ದು ಅಂತ ಹುಡುಗರನ್ನೆಲ್ಲ ಎಬ್ಬಿಸಿ ನಿಲ್ಲಿಸಿಬಿಟ್ರು!"

"ಅಯ್ಯೋ ನಿನ್ನ! ಬೈದ್ರಾ?"

"ಬೈದ್ರು. ಪೂರ್ತಿ ಕೇಳಿಸ್ತು. ಬೇಗ ತಿಂಡಿ ಕೊಡಮ್ಮ, ನಾಳೆ ಪರೀಕ್ಷೆಯಂತೆ, ಓದ್ಕೋಬೇಕು."

ಅಪ್ಪ ಅಮ್ಮಂದಿರೇ, ಶಿಕ್ಷಕರೇ, ಮಹಿಳಾ ಸಂಘದ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ತನ್ನ ಕಷ್ಟ ಹೇಳಿಕೊಳ್ಳಲಾಗದ ಮಗು ಇರಬಹುದು. ಹತ್ತಿರದ ಗ್ರಂಥಾಲಯಕ್ಕೆ ಹೋಗಿ, ಬೇರೆ ಬೇರೆ ಬಗೆಯ ಮಕ್ಕಳು ಕಥೆಯ ನಡುವೆ ನಿಂತಿರುವ ಪುಸ್ತಕ ಬೇಕು ಎಂದು ಕೇಳಿ. ಇಲ್ಲವೆಂದರೆ ತರಿಸಲು ಹೇಳಿ. ಮಕ್ಕಳು ಓದುವಾಗ ಹತ್ತಿರವಿರಿ. ಯಾವ ಪುಟದಲ್ಲಿ ನಗುತ್ತಾರೆ, ಯಾವ ಪುಟದಲ್ಲಿ ಸುಮ್ಮನಾಗುತ್ತಾರೆ ಎಂದು ಗಮನಿಸಿ. ಸುಮ್ಮನಾದರೆ ಕೈಕೆಲಸ ಬದಿಗಿಟ್ಟು, ಪಕ್ಕದಲ್ಲಿ ಕೂತು, ಯಾಕೆ ಎಂದು ಕೇಳಿ.